ಸ್ಲೋ ಅಂಕಲ್ ಮತ್ತು ಒಣ ಹೊಳೆಯ ಓಟ

ನನ್ನ ಕಾರಿನ ಬಂಪರ್ ಒಡೆಯದೇ ಇದ್ದಿದ್ದರೆ ಅವರ ಪರಿಚಯ ನನಗೆ ಆಗುತ್ತಲೇ ಇರಲಿಲ್ಲವೇನೋ. ಒಮಾನಿನ ಅಲ್ ಖೌದ್‌ನ ಒಂದೇ ಬಿಲ್ಡಿಂಗಿನಲ್ಲಿ ಅವರು ನೆಲಮಹಡಿ, ನಾವು ಎರಡನೇ ಮಹಡಿ. ಹಾಗಿದ್ದೂ ಬಹಳ ಕಾಲ ಲಿಫ್ಟಿನ ಬಾಗಿಲಲ್ಲಿ ತಲೆ ಅಲ್ಲಾಡಿಸುವಷ್ಟೇ ಬಳಕೆ. ಮೈಸೂರಿನವರು ನಿಧಾನದ ಜನ ಎಂದು ಲೋಕವೆಲ್ಲ ಹೇಳುತ್ತದೆ. ನನ್ನನ್ನು ನೋಡಿದವರು ಯಾರೂ ಹಾಗೆ ಹೇಳುವುದಿಲ್ಲ. ಮೆಟ್ಟಿಲಿಳಿಯುತ್ತಲೇ ಕೀ ಒತ್ತಿ ಕಾರಿನ ಬಾಗಿಲು ತೆಗೆಯುವವಳು ನಾನು.

ಆ ದಿನ ರೌಂಡಬೌಟಿನಲ್ಲಿ ಮುಂದಿನ ಕಾರಿಗೆ ಗುದ್ದಿದೆ. ಮಾರನೆಯ ದಿನ ಗ್ಯಾರೇಜಿಗೆ ವಿಮಾ ಕಂಪನಿಯಿಂದ ತಪಾಸಣೆಗೆ ಬಂದವರು ಯಾರೆಂದು ನೋಡಿದರೆ ನಮ್ಮ ನೆಲಮಹಡಿಯವರು. ಕಾರಿನ ಸುತ್ತ ಒಂದು ಸುತ್ತು ಬಂದರು. ಮತ್ತೆ ಇನ್ನೊಂದು ಸುತ್ತು. ಕುಕ್ಕರುಗಾಲಿನಲ್ಲಿ ಕೂತು ಬಂಪರನ್ನು ನೋಡಿದರು, ಎದ್ದು ದೂರ ಹೋಗಿ ನೋಡಿದರು, ಗ್ಯಾರೇಜಿನವನು ಕೊಟ್ಟ ಸುಲೈಮಾನಿ ಚಹಾ ಆರುವವರೆಗೆ ಲೋಟ ಹಿಡಿದು ನಿಂತರು. ನನಗೆ ಆಫೀಸಿಗೆ ಹೊತ್ತಾಗುತ್ತಿತ್ತು, ಒಳಗೊಳಗೇ ಕುದಿಯುತ್ತಿದ್ದೆ. ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳಿದರು.

"ಎಲ್ಲಿಗೆ ಹೊರಟದ್ದು ನೀವು?"

ದೊಡ್ಡ ಅಂಗಡಿಗೆ ಊರಿನ ಮಲ್ಲಿಗೆ ಬಂದಿದೆ ಎಂದು ಹೆಂಗಸರ ಗ್ರೂಪಿನಲ್ಲಿ ಮೆಸೇಜು ಬಂದಿತ್ತು, ಖಾಲಿಯಾಗುವ ಮುಂಚೆ ಹಿಡಿಯೋಣ ಎಂದು ಹೊರಟಿದ್ದೆ ಎಂದೆ.

"ಮತ್ತೆ, ಸಿಕ್ಕಿತಾ ಮಲ್ಲಿಗೆ?"

ಇಲ್ಲ ಎಂದೆ. ಅವರು "ಹೌದಾ" ಎಂದರು, ಅಷ್ಟೇ. ಸಂಜೆ ಬಾಗಿಲ ಗಂಟೆ ಬಾರಿಸಿತು. ನೋಡಿದರೆ ಅವರೇ, ಕೈಯಲ್ಲಿ ಬಾಳೆಯೆಲೆಯ ಸಣ್ಣ ಪೊಟ್ಟಣ. "ಅಲ್ಲಿ ಇನ್ನೂ ಉಂಟು. ನಾನು ನಿಧಾನ ಹೋದೆ" ಎಂದು ಕೊಟ್ಟು, ಲಿಫ್ಟನ್ನೂ ಕಾಯದೆ ಒಂದೊಂದೇ ಮೆಟ್ಟಿಲು ಇಳಿದುಹೋದರು. ನನಗೆ ಸಿಟ್ಟೂ ಬಂತು, ನಗುವೂ ಬಂತು. ಮಲ್ಲಿಗೆ ಮುಡಿದುಕೊಂಡೆ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೂ ನಮ್ಮ ಬೀದಿಯಲ್ಲಿ ಅದು ಯಾರಿಗೂ ಗೊತ್ತಿಲ್ಲ. ಬಿಲ್ಡಿಂಗಿನ ಮಕ್ಕಳು ಇಟ್ಟ ಹೆಸರು ಸ್ಲೋ ಅಂಕಲ್. ಮಕ್ಕಳ ಬಾಯಿಂದ ಅದು ನಮ್ಮ ಬಾಯಿಗೆ ಬಂತು, ನಮ್ಮಿಂದ ಕೆಳಗಿನ ಕೆಫೆಟೇರಿಯಾದ ಮಲಯಾಳಿಗೆ, ಅಲ್ಲಿಂದ ಎದುರು ಮನೆಯ ಒಮಾನಿ ಹಮದ್‌ಗೆ. ಕೊನೆಗೆ ಅವರ ಹೆಂಡತಿಯೇ ಫೋನಿನಲ್ಲಿ "ಸ್ಲೋ ಅಂಕಲ್ ಸ್ನಾನಕ್ಕೆ ಹೋಗಿದ್ದಾರೆ, ನಾಳೆ ಮಾಡಿ" ಎನ್ನುವ ಮಟ್ಟಕ್ಕೆ ಅದು ಗಟ್ಟಿಯಾಯಿತು.

ಉಡುಪಿ ಕಡೆಯವರು, ಮನೆಯಲ್ಲಿ ತುಳು, ನಮ್ಮ ಜೊತೆ ಕರಾವಳಿಯ ಕನ್ನಡ. ಒಮಾನಿನ ಯಾವ ಮೂಲೆಯಲ್ಲಿ ಕಾರು ಜಜ್ಜಿಹೋದರೂ ನೋಡಲು ಹೋಗುವುದು ಅವರ ಕೆಲಸ. ಇಬ್ರಾ ಕಡೆ ಒಂಟೆಗೆ ಗುದ್ದಿದ ಕಾರು, ಬುರೈಮಿ ರಸ್ತೆಯಲ್ಲಿ ಮಗುಚಿದ ಪಿಕಪ್, ಎಲ್ಲವೂ ಅವರ ಮೇಜಿಗೇ ಬರಬೇಕು. ಬದುಕಿಡೀ ಜಜ್ಜಿದ ತಗಡು ನೋಡಿದ ಮನುಷ್ಯನಿಗೆ ವೇಗದ ಮೇಲೆ ಹೇಗೆ ಪ್ರೀತಿ ಇರಲು ಸಾಧ್ಯ? "ಬೇಗ ಹೋದವರೆಲ್ಲ ಕೊನೆಗೆ ಬಂದು ಮುಟ್ಟುದು ನನ್ನ ಟೇಬಲಿಗೆ" ಎನ್ನುತ್ತಿದ್ದರು. ಇಲ್ಲಿನ ಕಾರುಗಳಲ್ಲಿ ನೂರಿಪ್ಪತ್ತು ದಾಟಿದರೆ ಟಿಂಗ್ ಟಿಂಗ್ ಎಂದು ಒಂದು ಗಂಟೆ ಬಾರಿಸುತ್ತದೆ. ತಮ್ಮ ಕಾರಿನಲ್ಲಿ ಆ ಗಂಟೆ ಉಂಟೋ ಇಲ್ಲವೋ ತಮಗೆ ಗೊತ್ತೇ ಇಲ್ಲ ಎಂದು ಅವರು ಹೇಳಿದಾಗ ತಮಾಷೆ ಎಂದುಕೊಂಡಿದ್ದೆ. ಒಮ್ಮೆ ನನ್ನ ಗಂಡ ಏನೋ ಕೆಲಸವಿದೆಯೆಂದು ಅವರ ಜೊತೆ ಬುರೈಮಿಗೆ ಹೋಗಿ ಬಂದರು. ಬಂದವರೇ ಸೋಫಾದಲ್ಲಿ ಬಿದ್ದುಕೊಂಡು, ದಾರಿಯ ಪ್ರತಿ ಮೇಕೆಯ ಮುಖಪರಿಚಯವೂ ಆಗಿದೆ, ಇನ್ನು ಮುಂದೆ ವಿಮಾನದಲ್ಲಿ ಹೋಗುತ್ತೇನೆ ಎಂದರು.

ಫೋನಿನಲ್ಲಿ ಅವರೊಂದಿಗೆ ಮಾತಾಡುವುದು ಇನ್ನೊಂದು ಶಿಕ್ಷೆ. ನಾವು ಏನೋ ಕೇಳಿರುತ್ತೇವೆ, ಆ ಕಡೆ ಸದ್ದೇ ಇಲ್ಲ. ಲೈನು ಕಟ್ಟಾಯಿತೆಂದು ಇಟ್ಟುಬಿಟ್ಟರೆ ಅವರು ಮರಳಿ ಫೋನ್ ಮಾಡಿ ಉತ್ತರ ಹೇಳುತ್ತಿದ್ದರು. ಅವರ ಹೆಂಡತಿಯ ಬಾಯಲ್ಲಿ ದಿನವಿಡೀ ಒಂದೇ ಮಂತ್ರ, "ಬೇಗ ಬಲೆ", ಬೇಗ ಬನ್ನಿ ಎಂದು. ಒಳಗಿನಿಂದ ಅವರ ಉತ್ತರವೂ ಒಂದೇ, "ಬರ್ಪೆ", ಬರುತ್ತೇನೆ ಎಂದು. ಆದರೆ ಆಂಟಿಯೂ ಕಡಿಮೆ ಆಸಾಮಿಯಲ್ಲ. ಯಾರ ಮನೆಯ ಪೂಜೆಗೆ ಕರೆ ಬಂದರೂ ಹತ್ತಕ್ಕಿದ್ದರೆ ಒಂಬತ್ತಕ್ಕೆಂದು ಗಂಡನಿಗೆ ಹೊತ್ತನ್ನು ಒಂದು ಗಂಟೆ ಹಿಂದಕ್ಕೆ ಹೇಳುತ್ತಿದ್ದರು. ಅದು ಅಂಕಲ್‌ಗೂ ಗೊತ್ತಿತ್ತು ಎಂದು ನನ್ನ ಅನುಮಾನ. ಗೊತ್ತಿದ್ದೂ ಸುಮ್ಮನಿದ್ದರೆ ಮನೆಯಲ್ಲಿ ಶಾಂತಿ.

ಗಣೇಶನ ಹಬ್ಬದಲ್ಲಿ ಊಟ ಬಡಿಸುವ ತಂಡಕ್ಕೆ ಅವರೇ ಮುಂದಾಳು, ಕೂರುವುದು ಮಾತ್ರ ಕೊನೆಯ ಪಂಕ್ತಿಯಲ್ಲಿ. ಮೊದಲ ಪಂಕ್ತಿಗೆ ಗೋಡಂಬಿಯ ಪಾಯಸ, ಕೊನೆಯ ಪಂಕ್ತಿಗೆ ಬರೀ ಹಾಲು ಎಂಬುದನ್ನು ಅವರು ಸಹಿಸುತ್ತಿರಲಿಲ್ಲ. ಒಂದು ವರ್ಷ ಪಾಯಸದ ಪಾತ್ರೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದರು. ಕೊನೆಯಲ್ಲಿ ಉಂಡವರು ಮನೆ ಸೇರಿದ ಮೇಲೂ ಅದರ ರುಚಿ ಹೇಳಬೇಕು ಎಂಬುದು ಅವರ ಹಟ. ನನಗೆ ಗೊತ್ತಿರುವ ಗಂಡಸರಲ್ಲಿ ಗೋಡಂಬಿಗಾಗಿ ಜಗಳವಾಡಿದವರು ಅವರೊಬ್ಬರೇ, ಅದೂ ಬೇರೆಯವರ ಗೋಡಂಬಿಗಾಗಿ.

ಇಷ್ಟು ಒಳ್ಳೆಯವರಿಗೆ ಒಂದು ದೊಡ್ಡ ಕಂಜೂಸುತನವಿತ್ತು. ಅದು ಅವರ ಸ್ಕೂಟರಿನ ವಿಷಯದಲ್ಲಿ. ಪಾಚಿಹಸಿರು ಬಣ್ಣದ, ಗೇರು ಹಿಡಿಯಲ್ಲೇ ತಿರುಗಿಸುವ ಹಳೇ ಸ್ಕೂಟರು. ಇಲ್ಲಿಗೆ ಬಂದ ಹೊಸದರಲ್ಲಿ ಊರಿನಿಂದ ಹಡಗಿನಲ್ಲಿ ತರಿಸಿದ್ದಂತೆ. ವರ್ಷಾವರ್ಷ ಅದನ್ನು ಉಜ್ಜಿ ಉಜ್ಜಿ ತಪಾಸಣೆಗೆ ಒಯ್ದು, ಮುಲ್ಕಿಯಾ ಎನ್ನುವ ಇಲ್ಲಿನ ನೋಂದಣಿ ಚೀಟಿಯನ್ನು ಹೊಸದು ಮಾಡಿಸಿಕೊಂಡು ಬರುವುದು ಅವರಿಗೊಂದು ವ್ರತ. ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ಅದರ ಹಿಂದಿನ ಸೀಟಿನಲ್ಲಿ ಆಂಟಿ ಕೂತದ್ದುಂಟು, ಅದು ಬಿಟ್ಟರೆ ಇನ್ನೊಬ್ಬರೇ. ಹಮದ್‌ನ ಅಪ್ಪ.

ಹಮದ್ ಸೇನೆಯಲ್ಲಿ ಡ್ರೈವರಾಗಿದ್ದು ನಿವೃತ್ತನಾದವನು. ದೊಡ್ಡ ಮೈ, ದೊಡ್ಡ ನಗು, ದೊಡ್ಡ ಕಾರು. ಅವನ ಕಾರಿನಲ್ಲಿ ಆ ಟಿಂಗ್ ಟಿಂಗ್ ಒಂದು ಸಂಗೀತದಂತೆ ಸದಾ ನುಡಿಯುತ್ತಿತ್ತು. ಮೂರು ಸಲ ಅವನ ಕಾರು ಸ್ಲೋ ಅಂಕಲ್‌ರ ತಪಾಸಣೆಗೆ ಬಂದಿತ್ತು. ಮೂರು ಸಲವೂ ಅವರು ಅವನನ್ನು ಕೇಳಿದ್ದು ಅದೇ ಪ್ರಶ್ನೆ, ಎಲ್ಲಿಗೆ ಹೊರಟದ್ದು. ಅವನು ಸೇನೆಯಲ್ಲಿ ಊರೂರು ಅಲೆಯುತ್ತಿದ್ದ ಕಾಲದಲ್ಲಿ ಅವನ ಮುದಿ ತಂದೆ ಇಲ್ಲಿ ಒಬ್ಬರೇ ಇದ್ದರು. ಅವರಿಗೆ ಬೆಳಿಗ್ಗೆ ಸೂಕಿಗೆ, ಅಂದರೆ ಸಂತೆಬೀದಿಗೆ, ಹೋಗಿ ಗೆಳೆಯರ ಜೊತೆ ಕಹ್ವಾ ಕಾಫಿ ಕುಡಿಯಬೇಕು. ಮಗ ರಜೆಯಲ್ಲಿ ಬಂದಾಗಲೂ ಅವನ ಕಾರು ಹತ್ತುವುದಕ್ಕೆ ಒಪ್ಪದವರು ಈ ಸ್ಕೂಟರಿನ ಹಿಂದೆ, ಕೋಲನ್ನು ಅಡ್ಡ ಹಿಡಿದು, ರಾಜನ ಹಾಗೆ ಕೂತು ಹೋಗುತ್ತಿದ್ದರಂತೆ. ಇವರಿಬ್ಬರಲ್ಲಿ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಹೋಗುವ ವೇಗ ಮಾತ್ರ ಇಬ್ಬರಿಗೂ ಒಪ್ಪಿಗೆ.

ಅಪ್ಪ ತೀರಿಕೊಂಡ ಮೇಲೆ ಹಮದ್ ಆ ಸ್ಕೂಟರನ್ನು ಕೇಳತೊಡಗಿದ. ಈದ್ ಬಂದರೆ ಹಲ್ವಾ ತಟ್ಟೆಯ ಜೊತೆ ಕೇಳುತ್ತಿದ್ದ, ದೀಪಾವಳಿಗೆ ನಮ್ಮ ಚಕ್ಕುಲಿ ತಿನ್ನುತ್ತಾ ಕೇಳುತ್ತಿದ್ದ. ಇವರು ತಲೆಯಾಡಿಸಿ ಚಹಾ ಕುಡಿಸಿ ಕಳಿಸುತ್ತಿದ್ದರು. ಅದೆಂಥ ಕಲ್ಲು ಮನಸ್ಸು ಎಂದು ನಾನು ಆಂಟಿಯ ಹತ್ತಿರ ಹೇಳಿದ್ದೂ ಉಂಟು.

ಇನ್ನು ಓಟದ ವಿಷಯಕ್ಕೆ ಬರುತ್ತೇನೆ. ಅಲ್ ಖೌದ್‌ನಲ್ಲಿ ಒಂದು ವಾದಿ ಇದೆ. ವಾದಿ ಎಂದರೆ ಮಳೆ ಬಂದ ಆ ಒಂದೆರಡು ದಿನ ಮಾತ್ರ ನೀರು ಹರಿದು, ಉಳಿದಂತೆ ಬರೀ ಕಲ್ಲು ಮರಳಿನ ಪಾತ್ರ. ಸ್ಲೋ ಅಂಕಲ್ ಮಾತ್ರ ಅದನ್ನು ಬಾಯಿ ತುಂಬ ಹೊಳೆ ಎಂದೇ ಕರೆಯುತ್ತಿದ್ದರು. ಅದಕ್ಕೆ ಅಡ್ಡಲಾಗಿ ಕಾಂಕ್ರೀಟಿನ ಹಳೆಯ ದಾರಿಯೊಂದಿದೆ. ಮೇಲೆ ಸೇತುವೆಯಾದ ನಂತರ ಅದರಲ್ಲಿ ಯಾರೂ ಓಡಾಡುವುದಿಲ್ಲ. ನೀರಿನ ಆಳ ತೋರಿಸುವ ಕೆಂಪು ಬಿಳಿ ಕಂಬಗಳು ಮಾತ್ರ ಎರಡೂ ಕಡೆ ಇನ್ನೂ ನಿಂತಿವೆ. ಚಳಿಗಾಲದ ಶುಕ್ರವಾರ ಬೆಳಿಗ್ಗೆ ನಮ್ಮ ಕಡೆಯ ಹಳೇ ಸ್ಕೂಟರು, ಮೊಪೆಡ್ಡು, ಬೈಕುಗಳ ಹುಚ್ಚಿನವರೆಲ್ಲ ಅಲ್ಲಿ ಸೇರುತ್ತಿದ್ದರು. ಪಕ್ಕದಲ್ಲೇ ನಡೆಯಲಾಗದ ಮಕ್ಕಳಿಗೊಂದು ಪುಟ್ಟ ಕೇಂದ್ರವಿದೆ. ಆ ಮಕ್ಕಳಿಗಾಗಿ ವರ್ಷಕ್ಕೊಮ್ಮೆ ಒಂದು ಓಟ ಇಡೋಣ, ಪೊಲೀಸರ ಅನುಮತಿ ತೆಗೆಯೋಣ, ಆಸುಪಾಸಿನ ಅಂಗಡಿಯವರು ಗಾಲಿಕುರ್ಚಿ, ವಾಕರ್, ದಿಂಬು, ಹೊದಿಕೆ ಕೊಡಲಿ ಎಂಬುದು ಸ್ಲೋ ಅಂಕಲ್‌ರ ಯೋಚನೆ. ಓಟ ಎಂದಾಗ ಅವರ ತಲೆಯಲ್ಲಿ ಇದ್ದದ್ದು ಒಂದೇ ಓಟ, ನಮ್ಮೂರುಗಳಲ್ಲಿ ಗಣೇಶೋತ್ಸವಕ್ಕೋ ಶಾಲೆಯ ವಾರ್ಷಿಕೋತ್ಸವಕ್ಕೋ ಇಡುವ ಸ್ಲೋ ಸೈಕಲ್ ರೇಸು. ಕಾಲು ನೆಲಕ್ಕೆ ತಾಗಿಸುವ ಹಾಗಿಲ್ಲ, ಕೊನೆಗೆ ಗೆರೆ ಮುಟ್ಟಿದವನು ಗೆದ್ದ ಹಾಗೆ. ನಿಯಮ ಒಂದನ್ನು ಅವರೇ ಸೇರಿಸಿದರು. ಕೊನೆಯ ಗಾಡಿ ಗೆರೆ ಮುಟ್ಟುವ ತನಕ ಅಂಗಡಿಯವರು ತಮ್ಮ ಪಾಲಿನ ಸಾಮಾನು ಪೇರಿಸುತ್ತಲೇ ಇರಬೇಕು. ಅಂದರೆ ನಾವು ನಿಧಾನವಾದಷ್ಟೂ ಮಕ್ಕಳಿಗೆ ಲಾಭ.

ಮೊದಲ ವರ್ಷ ನಾವು ಮಾಡಿದ ತಪ್ಪನ್ನು ಕನ್ನಡದವರಲ್ಲದೆ ಬೇರೆ ಯಾರೂ ಮಾಡಲಾರರು. ಇಂಥ ಓಟ ಲೋಕದಲ್ಲಿ ಎಲ್ಲರಿಗೂ ಗೊತ್ತಿರುತ್ತದೆ ಎಂದು ನಾವು ಭಾವಿಸಿದೆವು. ಮಂಗಳೂರಿನವರಿಗೆ ಗೊತ್ತು, ಮೈಸೂರಿನವರಿಗೆ ಗೊತ್ತು, ಇನ್ನು ಗೊತ್ತಿಲ್ಲದವರು ಯಾರು? ಒಮಾನಿಗಳಿಗೆ ಯಾರೂ ಬಾಯಿಬಿಟ್ಟು ನಿಯಮ ಹೇಳಲೇ ಇಲ್ಲ. ಬಾವುಟ ಬಿದ್ದದ್ದೇ ತಡ, ಹಮದ್ ತನ್ನ ಸೈಡ್‌ಕಾರಿನ ಹಳೇ ಮೋಟಾರ್ ಸೈಕಲ್ಲಿನಲ್ಲಿ ಧೂಳೆಬ್ಬಿಸಿಕೊಂಡು ಆಚೆ ದಡ ಮುಟ್ಟಿ ಎರಡೂ ಕೈ ಎತ್ತಿ ನಿಂತ. ತಿರುಗಿ ನೋಡುತ್ತಾನೆ, ನಾವೆಲ್ಲ ಈಚೆ ದಡದಲ್ಲೇ ಗಡಗಡ ಎನ್ನುತ್ತಾ ನಿಂತಲ್ಲೇ ನಿಂತಿದ್ದೇವೆ. ಪಾಪ, ಇವರ ಗಾಡಿಗಳೆಲ್ಲ ಕೆಟ್ಟಿವೆ ಎಂದುಕೊಂಡ. ಕರುಣೆ ಉಕ್ಕಿ ಗೆಳೆಯರನ್ನೆಲ್ಲ ಕರೆದುಕೊಂಡು ಓಡಿ ಬಂದ. ಬಂದವರು ಒಬ್ಬೊಬ್ಬರನ್ನೇ ಹಿಡಿದು, ಯಲ್ಲಾ ಯಲ್ಲಾ ಎಂದು ಹುರಿದುಂಬಿಸಿ, ಗೆರೆ ದಾಟಿಸುವವರೆಗೂ ತಳ್ಳಿದರು. ನಾವು ಬೇಡ ಬೇಡ ಎಂದು ಕೂಗಿದ್ದನ್ನು ಸಂಕೋಚ ಎಂದುಕೊಂಡರು. ಸ್ಲೋ ಅಂಕಲ್ಲನ್ನು ಅತಿ ಗೌರವದಿಂದ ಹಮದ್ ತಾನೇ ತಳ್ಳಿದ. ಅವರು ಬ್ರೇಕ್ ಹಿಡಿದೂ ಹಿಡಿದೂ ಸೋತರು. ಆಮೇಲೆ ನಿಯಮ ತಿಳಿದಾಗ ಹಮದ್ ತಲೆಯ ಮೇಲೆ ಕೈಹೊತ್ತು ಕಾಂಕ್ರೀಟಿನ ಮೇಲೇ ಕೂತುಬಿಟ್ಟ. ಕೇಂದ್ರದ ಮಕ್ಕಳು ಅಷ್ಟು ನಕ್ಕದ್ದನ್ನು ತಾವು ನೋಡಿಯೇ ಇರಲಿಲ್ಲ ಎಂದು ಅಲ್ಲಿನ ಟೀಚರು ಹೇಳಿದರು.

ಮುಂದಿನ ವರ್ಷಗಳಲ್ಲಿ ಎಲ್ಲರೂ ಪಳಗಿದರು. ಸೈಡ್‌ಕಾರಿದ್ದರೆ ಬೀಳುವ ಭಯವೇ ಇಲ್ಲವಾದ್ದರಿಂದ ಅದನ್ನು ನಿಷೇಧಿಸಲಾಯಿತು. ಕೇಂದ್ರದ ಮಕ್ಕಳು ಗಾಲಿಕುರ್ಚಿಗಳಲ್ಲಿ ನಮ್ಮ ಪಕ್ಕದಲ್ಲೇ ಬರುತ್ತಿದ್ದರು, ಬರುತ್ತಾ ನಮ್ಮನ್ನು ಹಿಂದೆ ಹಾಕಿ ಹೋಗಿ, ಮತ್ತೆ ವಾಪಸು ಬಂದು ಅಣಕಿಸುತ್ತಿದ್ದರು. ನಾನೂ ಯಾರದ್ದೋ ಮೊಪೆಡ್ ಹಿಡಿದು ಪ್ರತಿ ವರ್ಷ ಇಳಿಯುತ್ತಿದ್ದೆ, ಪ್ರತಿ ವರ್ಷ ಮೊದಲ ಕಂಬದ ಹತ್ತಿರವೇ ಕಾಲೂರಿ ಹೊರಬೀಳುತ್ತಿದ್ದೆ. ಗೆಲ್ಲುತ್ತಿದ್ದವರು ಮಾತ್ರ ಒಬ್ಬರೇ. ಪಾಚಿಹಸಿರು ಸ್ಕೂಟರು ಎಲ್ಲರೂ ಮುಗಿಸಿ ಇಡ್ಲಿ ತಿನ್ನತೊಡಗಿದ ಮೇಲೂ ನಡು ಹೊಳೆಯಲ್ಲಿ ತೂಗುತ್ತಾ ಇರುತ್ತಿತ್ತು. ಕೆಫೆಟೇರಿಯಾದ ಮಲಯಾಳಿ ಮೇಜಿನ ಮೇಲೆ ಹೊದಿಕೆ ಪೇರಿಸುತ್ತಾ, ಈ ಮನುಷ್ಯನಿಗೆ ಒಂದು ಜೋರು ಗಾಳಿಯಾದರೂ ಬೀಸಬಾರದೇ ಎಂದು ಆಕಾಶ ನೋಡುತ್ತಿದ್ದ.

ಹೋದ ವರ್ಷ ಅವರಿಗೆ ನಿವೃತ್ತಿಯ ಮಾತು ಬಂತು. ಇಲ್ಲಿ ಕೆಲಸ ಮುಗಿದರೆ ವೀಸಾ ಮುಗಿಯಿತು, ವೀಸಾ ಮುಗಿದರೆ ಖಲಾಸ್, ಗಂಟುಮೂಟೆ ಕಟ್ಟಬೇಕು. ಫ್ರಿಜ್ಜು ಒಬ್ಬರಿಗೆ, ಕಪಾಟು ಒಬ್ಬರಿಗೆ, ಆಂಟಿಯ ಕರಿಬೇವಿನ ಗಿಡ ನಮಗೆ. ಸ್ಕೂಟರನ್ನು ಏನು ಮಾಡುವುದು? ಅಷ್ಟು ಹಳೆಯದನ್ನು ಹಡಗಿನಲ್ಲಿ ಮರಳಿ ಊರಿಗೆ ಒಯ್ಯಲು ಕಾನೂನು ಬಿಡುವುದಿಲ್ಲ. ಹಮದ್ ಅವರ ಮನೆಗೆ ಬಂದು ಎದುರಿಗೆ ಕೂತ. ಈ ಸಲ ಹಲ್ವಾ ತಂದಿರಲಿಲ್ಲ. ಅಪ್ಪ ಕೂರುತ್ತಿದ್ದ ಸೀಟು ಅದು, ನನಗೆ ಕೊಡಿ ಎಂದ. ನಾನೂ ನನ್ನ ಗಂಡನೂ ಅಲ್ಲೇ ಇದ್ದೆವು. ಸ್ಲೋ ಅಂಕಲ್ ಲೋಟದ ಚಹಾವನ್ನು ತಳದವರೆಗೂ ಕುಡಿದು, ಈ ಸಲದ ಓಟದಲ್ಲಿ ನನ್ನನ್ನು ಗೆದ್ದವರಿಗೆ ಸ್ಕೂಟರು ಎಂದರು. ಯಾರೂ ಗೆಲ್ಲದಿದ್ದರೆ ಎಂದು ಕೇಳಿದೆ.

"ಗುಜರಿಗೆ ಹಾಕಿ ಹೋಗುದು. ನನಗಿಂತ ನಿಧಾನ ಬಿಡುವವರ ಕೈಗೆ ಮಾತ್ರ ಅದು."

ನನಗೆ ಮೈ ಉರಿಯಿತು. ಹಮದ್ ಹೋದ ಮೇಲೆ ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಇಷ್ಟು ವರ್ಷದ ನೆರೆಯವನು, ಅಪ್ಪನ ನೆನಪಿಗೆ ಕೇಳುತ್ತಿದ್ದಾನೆ, ಕೊಡಲು ಏನು ಗಂಟು ಹೋಗುತ್ತದೆ ಎಂದೆ. ಅವರು ಕಿಟಕಿಯಲ್ಲಿ ಹಮದ್‌ನ ಕಾರು ಬೀದಿ ದಾಟಿ ಮರೆಯಾಗುವುದನ್ನು ನೋಡುತ್ತಿದ್ದರು.

"ಮೂರು ಸಲ ಅವನ ಕಾರು ನೋಡಿದ್ದು ನಾನು. ಮೂರನೇ ಸಲ ಸೀಟಿನ ಮೇಲೆ ಅವನ ಒಂದು ಚಪ್ಪಲಿ ಇತ್ತು. ನನಗೆ ಒಳಗೆ ನೋಡ್ಲಿಕ್ಕೆ ಧೈರ್ಯ ಬರ್ಲಿಲ್ಲ ಮಾರಾಯ್ತಿ. ಇನ್ನು ನಾನು ಇರುದಿಲ್ಲ ಅಲ್ವಾ ಇಲ್ಲಿ, ಅವನಿಗೆ ನಿಧಾನ ಹೇಳ್ಲಿಕ್ಕೆ."

ಕಲ್ಲು ಮನಸ್ಸು ಎಂದಿದ್ದೆನಲ್ಲ, ಅದನ್ನು ಅಲ್ಲೇ ನುಂಗಿಕೊಂಡೆ.

ಮರುದಿನದಿಂದ ಹಮದ್ ಸಂಜೆ ಸಂಜೆ ಒಣ ಹೊಳೆಗೆ ಇಳಿಯತೊಡಗಿದ, ಸೈಡ್‌ಕಾರ್ ಬಿಚ್ಚಿದ ಮೋಟಾರ್ ಸೈಕಲ್ಲಿನಲ್ಲಿ. ತಮಾಷೆಯೆಂದರೆ ಅವನಿಗೆ ಕಲಿಸಿದವರು ಸ್ಲೋ ಅಂಕಲ್ಲೇ. ತಮ್ಮನ್ನೇ ಸೋಲಿಸಲು ಎದುರಾಳಿಗೆ ಪಾಠ ಹೇಳುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಕ್ಲಚ್ಚು ಅರ್ಧ ಹಿಡಿ, ಉಸಿರು ಬಿಗಿಹಿಡಿಯಬೇಡ, ಗಾಲಿಯನ್ನು ನೋಡಿದರೆ ಬೀಳುತ್ತೀ, ದೂರದ ಗುಡ್ಡ ನೋಡು. ಎಲ್ಲವೂ ಅವರ ಕರಾವಳಿಯ ಹಿಂದಿಯಲ್ಲಿ. ಹಮದ್ ಬೀಳುತ್ತಿದ್ದ, ಅವನ ಬಿಳಿ ದಿಶ್‌ದಾಶ, ಆ ಉದ್ದ ನಿಲುವಂಗಿ, ಮಣ್ಣಾಗುತ್ತಿತ್ತು, ಎದ್ದು ಮತ್ತೆ ಹತ್ತುತ್ತಿದ್ದ. ಕೆಲವು ವಾರಗಳಾದ ಮೇಲೆ ಒಂದು ದಿನ ಅವನ ದೊಡ್ಡ ಕಾರಿನ ಹಿಂದೆ ನಾನು ಸಿಕ್ಕಿಹಾಕಿಕೊಂಡೆ. ಅದು ಎಷ್ಟು ನಿಧಾನ ಹೋಗುತ್ತಿತ್ತೆಂದರೆ ಹಾರ್ನ್ ಬಾರಿಸಿದೆ. ಬಾರಿಸಿದ ಮೇಲೆ ನನಗೇ ನಾಚಿಕೆಯಾಯಿತು.

ಓಟದ ದಿನ ಬೆಳಗ್ಗೆ ಬಿಸಿಲು ಹಿತವಾಗಿತ್ತು. ಇಡೀ ಬೀದಿಯೇ ಹೊಳೆಗೆ ಬಂದಿತ್ತು, ಸ್ಕೂಟರಿನ ಸುದ್ದಿ ಎಲ್ಲರಿಗೂ ಗೊತ್ತಿತ್ತಲ್ಲ. ಕೇಂದ್ರದ ಹುಡುಗಿಯೊಬ್ಬಳು ಗಾಲಿಕುರ್ಚಿಯಲ್ಲೇ ಕೂತು ಬಾವುಟ ಬೀಸಿದಳು. ನಾನು ನನ್ನ ಸಂಪ್ರದಾಯದಂತೆ ಮೊದಲ ಕಂಬಕ್ಕೇ ಕಾಲೂರಿದೆ. ಒಬ್ಬ ಪಂಜಾಬಿ ಮಗುಚಿದ, ಇಬ್ಬರು ಬಂಟ್ವಾಳದವರು ಒಬ್ಬರಿಗೊಬ್ಬರು ತಾಗಿಕೊಂಡು ಹೊರಬಿದ್ದರು, ಇನ್ನುಳಿದವರು ತಡೆಯಲಾಗದೆ ಗೆರೆ ದಾಟಿದರು. ಕೊನೆಗೆ ಉಳಿದದ್ದು ಹಸಿರು ಸ್ಕೂಟರು ಮತ್ತು ಹಮದ್‌ನ ಮೋಟಾರ್ ಸೈಕಲ್ಲು. ಎರಡೂ ಪಕ್ಕಪಕ್ಕದಲ್ಲಿ, ತೊಟ್ಟಿಲ ಹಾಗೆ ಅತ್ತ ಇತ್ತ ತೂಗುತ್ತಾ, ಬರುತ್ತಿವೆಯೋ ನಿಂತಿವೆಯೋ ತಿಳಿಯದಂತೆ. ಆಂಟಿ ನನ್ನ ಮೊಣಕೈ ಹಿಡಿದಿದ್ದರು. ಮಲಯಾಳಿ ಹೊದಿಕೆಗಳನ್ನು ಮುಗಿಸಿ ದಿಂಬುಗಳಿಗೆ ಕೈಹಾಕಿದ್ದ.

ಕೊನೆಯ ಕಂಬ ದಾಟಿದರು. ಗೆರೆಗೆ ಇನ್ನು ಎರಡು ಮಾರು. ಆಗ ಹಮದ್‌ನ ಗಾಡಿ ಒಂದು ಕಡೆಗೆ ವಾಲಿತು. ಅವನ ಕಾಲು ಫುಟ್‌ರೆಸ್ಟಿನಿಂದ ಎದ್ದು ನೆಲದ ಕಡೆ ಇಳಿಯತೊಡಗಿತು. ಸ್ಲೋ ಅಂಕಲ್ ಕತ್ತು ಹೊರಳಿಸಿ ಅವನ ಕಾಲನ್ನು ನೋಡಿದರು.

ಮರುಕ್ಷಣ ಹಸಿರು ಸ್ಕೂಟರು ಹಿಂದೆಂದೂ ಹಾಕದ ಒಂದು ಗರ್ಜನೆ ಹಾಕಿತು. ಹೊಗೆಯುಗುಳಿ, ಮುಂಗಾಲು ಎತ್ತಿದಂತಾಗಿ, ಗೆರೆಯನ್ನು ಹಾರಿದಂತೆ ದಾಟಿ, ಆಚೆ ದಡದ ಏರನ್ನು ಹತ್ತಿ, ಖರ್ಜೂರದ ಮರಗಳ ಸುತ್ತ ಒಂದು ಸುತ್ತು ಹಾಕಿ, ಮತ್ತೆ ಇಳಿದು ಬಂತು. ಮೇಲೆ ಕೂತಿದ್ದ ಮನುಷ್ಯನ ಟೋಪಿ ಎಲ್ಲೋ ಹಾರಿಹೋಗಿತ್ತು, ಬಾಯಿ ತೆರೆದು ಹೋ ಎಂದು ಕೂಗುತ್ತಿದ್ದರು. ಹಮದ್ ಅದು ಹೇಗೋ ಕಾಲನ್ನು ಫುಟ್‌ರೆಸ್ಟಿಗೆ ಮರಳಿಸಿದ್ದ. ಅವನು ಗುಡ್ಡವನ್ನೇ ನೋಡುತ್ತಾ, ಇಷ್ಟಿಷ್ಟೇ, ಕೊನೆಯವನಾಗಿ ಗೆರೆ ಮುಟ್ಟಿದ. ಮುಟ್ಟಿದ ಮೇಲೂ ಇಳಿಯಲು ಮರೆತು ಅಳುತ್ತಾ ಕೂತಿದ್ದ. ಗಾಲಿಕುರ್ಚಿಗಳೆಲ್ಲ ಅವನನ್ನು ಸುತ್ತುವರಿದವು.

ಮೊದಲು ಮಾತಾಡಿದ್ದು ಆಂಟಿ.

"ಇವರಿಗೆ ಬೇಗ ಹೋಗ್ಲಿಕ್ಕೆ ಬರ್ತಿತ್ತಾ? ಮತ್ತೆ ಇಷ್ಟು ವರ್ಷ ನನ್ನನ್ನು ಎಂತಕ್ಕೆ ಕಾಯಿಸಿದ್ದು?"

ಎಕ್ಸಲರೇಟರಿನ ಕೇಬಲ್ಲು ಸಿಕ್ಕಿಹಾಕಿಕೊಂಡಿತು, ಹಳೇ ಗಾಡಿ, ಎಂತ ಮಾಡುದು ಎಂದು ಸ್ಲೋ ಅಂಕಲ್ ಬಂದವರಿಗೆಲ್ಲ ಹೇಳುತ್ತಿದ್ದರು. ಎರಡು ದಿನ ಬಿಟ್ಟು ಹಮದ್ ಆ ಕೇಬಲ್ಲನ್ನು ಬಿಚ್ಚಿ ನೋಡಿದನಂತೆ. ಬೆಣ್ಣೆಯ ಹಾಗೆ ಜಾರುತ್ತಿತ್ತು ಎಂದು ನನ್ನ ಬಳಿ ಗುಟ್ಟಿನಲ್ಲಿ ಹೇಳಿದ. ಅವರಿಗೆ ಮಾತ್ರ, ಹೌದು, ತುಂಬ ಹಾಳಾಗಿತ್ತು, ಸರಿಮಾಡಿದೆ ಎಂದನಂತೆ.

ಅವರು ಹೊರಟ ದಿನ ವಿಮಾನ ನಿಲ್ದಾಣಕ್ಕೆ ತಾನೇ ಬಿಡುತ್ತೇನೆ ಎಂದು ಹಮದ್ ಹಟ ಹಿಡಿದ. ಮುಂದೆ ಗಂಡಸರಿಬ್ಬರು, ಹಿಂದೆ ಆಂಟಿ ಮತ್ತು ನಾನು. ಕಾರು ರಸ್ತೆಯ ಬಲ ಅಂಚಿನ ನಿಧಾನದ ಲೇನಿನಲ್ಲಿ ತೆವಳುತ್ತಿತ್ತು. ನೀರಿನ ಲಾರಿ ನಮ್ಮನ್ನು ದಾಟಿ ಹೋಯಿತು, ಶಾಲೆಯ ಬಸ್ಸು ದಾಟಿ ಹೋಯಿತು. ಟಿಂಗ್ ಟಿಂಗ್ ಇಲ್ಲ. ನನ್ನ ಬಲಗಾಲು ಇಲ್ಲದ ಎಕ್ಸಲರೇಟರನ್ನು ಒತ್ತುತ್ತಲೇ ಇತ್ತು. ಆಂಟಿ ನನ್ನ ಕಿವಿಯಲ್ಲಿ, ವಿಮಾನದ ಹೊತ್ತನ್ನೂ ಒಂದು ಗಂಟೆ ಹಿಂದಕ್ಕೇ ಹೇಳಿದ್ದೇನೆ, ಹೆದರಬೇಡ ಎಂದರು.

ಸ್ಲೋ ಅಂಕಲ್ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದರು. ಆಮೇಲೆ ಹಮದ್‌ನ ತೋಳಿನ ಮೇಲೆ ಕೈಯಿಟ್ಟು, ಅವನಿಗೆ ತಿಳಿಯುವ ಹಿಂದಿಯಲ್ಲಿ, ಇವತ್ತೊಂದು ದಿನ ಸ್ವಲ್ಪ ಬೇಗ ಹೋಗು ಎಂದರು. ಹಮದ್ ಅವರನ್ನು ನೋಡಿದ. ಅವರು ತಿರುಗಿ ನಮ್ಮ ಕಡೆ, ಕನ್ನಡದಲ್ಲಿ ಹೇಳಿದರು.

"ಹೀಗೆ ನಿಧಾನ ಹೋದ್ರೆ ನನಗೆ ಇಳೀಲಿಕ್ಕೆ ಆಗ್ಲಿಕ್ಕಿಲ್ಲ."

ಕನ್ನಡ ಹಮದ್‌ಗೆ ತಿಳಿಯಿತೋ ಇಲ್ಲವೋ, ಅವನು ವೇಗ ಹೆಚ್ಚಿಸಲಿಲ್ಲ. ಆಂಟಿ ಮತ್ತು ನಾನು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕೂತೆವು.

ನಿಲ್ದಾಣದಲ್ಲಿ ಅಪ್ಪಿಕೊಂಡದ್ದೂ ಅತ್ತದ್ದೂ ಎಲ್ಲ ಆಯಿತು. ಪಾಸ್‌ಪೋರ್ಟಿನ ಸಾಲಿಗೆ ಅವರು ಹೋದ ಮೇಲೂ ಹಮದ್ ಮತ್ತು ನಾನು ಗಾಜಿನಾಚೆ ನಿಂತು ನೋಡುತ್ತಿದ್ದೆವು. ಮಗು ಎತ್ತಿಕೊಂಡ ಒಬ್ಬಳು ಬಂದಳು, ಸ್ಲೋ ಅಂಕಲ್ ಪಕ್ಕಕ್ಕೆ ಸರಿದು ಅವಳನ್ನು ಮುಂದೆ ಬಿಟ್ಟರು. ರಜೆಗೆ ಹೊರಟ ಕೂಲಿಯವರ ಗುಂಪು ಬಂತು, ಅವರನ್ನೂ ಬಿಟ್ಟರು. ಒಬ್ಬ ಮುದುಕ, ಆಮೇಲೆ ಸೂಟು ಹಾಕಿದ ಒಬ್ಬ, ಆಮೇಲೆ ಇಡೀ ಒಂದು ಸಂಸಾರ. ಆಂಟಿಯೂ ಮುಂದೆ ಹೋಗಿ, ಆ ತುದಿಯಿಂದ ತಿರುಗಿ ಅವರನ್ನು ಕರೆದರು. ಸದ್ದು ನಮಗೆ ಕೇಳಿಸಲಿಲ್ಲ, ಆದರೆ ಬಾಯಿ ಅಲ್ಲಾಡಿದ್ದರಲ್ಲೇ ಅದು "ಬೇಗ ಬಲೆ" ಎಂದು ಗೊತ್ತಾಯಿತು. ಈಗ ಸಾಲಿನ ತುದಿಯಲ್ಲಿ ಅವರೊಬ್ಬರೇ. ಅವರ ಹಿಂದೆ ಯಾರೂ ಇಲ್ಲ. ಅವರು ನಮ್ಮ ಕಡೆ ತಿರುಗಿ ಕೈಬೀಸಿದರು.

ನಾನು ಕಣ್ಣೊರೆಸಿಕೊಳ್ಳುತ್ತಿದ್ದೆ. ಹಮದ್ ಗಾಜಿಗೆ ಹಣೆಯಿಟ್ಟು ನಗುತ್ತಿದ್ದ.

"ದೇಖೋ ಸಿಸ್ಟರ್," ಎಂದ. "ವೋ ಜೀತ್ ಗಯಾ."

ನೋಡು, ಅವರು ಗೆದ್ದುಬಿಟ್ಟರು. ನಾವು ವಾಪಸು ಮನೆಗೆ ನಿಧಾನವಾಗಿಯೇ ಬಂದೆವು.